ಚನ್ನವ್ವನ ಮೂರು ಹೆಸರು

ಕೃಷ್ಣೆ ಉಕ್ಕಿ ನದಿದಂಡೆಯ ಊರುಗಳನ್ನು ಖಾಲಿ ಮಾಡಿಸಿದ ವಾರ ಅದು. ಚಿಕ್ಕೋಡಿಯ ಒಂದು ಸೇವಾಸಂಸ್ಥೆಯಲ್ಲಿ ಕೆಲಸಕ್ಕಿದ್ದ ಕೋಮಲಳಿಗೆ ಊಟಕ್ಕೂ ಬಿಡುವಿರಲಿಲ್ಲ. ಹದಿನಾಲ್ಕು ಕಾಳಜಿ ಕೇಂದ್ರಗಳಿಂದ ನಿರಾಶ್ರಿತರ ಪಟ್ಟಿಗಳು ಬರುತ್ತಿದ್ದವು. ಬರೆದವರಲ್ಲಿ ಕೆಲವರದು ಕನ್ನಡದ ಕಿವಿ, ಕೆಲವರದು ಮರಾಠಿಯದು. ಒಂದು ಕಡೆ ಜ್ಞಾನದೇವನಾದವನು ಇನ್ನೊಂದು ಕಡೆ ಗ್ಯಾನದೇವ, ಮತ್ತೊಂದು ಕಡೆ ದ್ನ್ಯಾನದೇವ. ಅದಕ್ಕೆಂದೇ ಅವಳೊಂದು ಪ್ರೋಗ್ರಾಂ ಬರೆದಿದ್ದಳು. ಒಂದು ಹೆಸರು ಇನ್ನೊಂದಾಗಲು ಎಷ್ಟು ಅಕ್ಷರ ಬದಲಾಗಬೇಕೆಂದು ಅದು ಎಣಿಸುತ್ತಿತ್ತು. ಕಿವಿಗೆ ಹತ್ತಿರವಾದ ಚ, ಶ, ಸಗಳನ್ನು ಒಂದೇ ಎಂದು ಹಿಡಿಯುತ್ತಿತ್ತು. ಹೆಸರಿನ ಕೊನೆಗೆ ಬರುವ ಅವ್ವ, ಬಾಯಿಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಚದುರಿಹೋಗಿದ್ದ ಇಪ್ಪತ್ತು ಮನೆಯವರನ್ನು ಹೀಗೆ ಕೂಡಿಸಿದ್ದಳು.

ನಾಲ್ಕನೇ ದಿನ ಅಥಣಿ ಕಡೆಯ ದ್ರಾಕ್ಷಿ ಬೆಳೆಗಾರ ಶಿವಾಜಿ ಬಂದ.

"ನಮ್ಮ ಅಕ್ಕ ಚನ್ನವ್ವರಿ. ಹೊಳಿದಂಡಿ ಜುಗೂಳ ಊರಿಗೆ ಕೊಟ್ಟೇವಿ. ಗಂಡ ಜ್ಞಾನದೇವ ತೀರಿಕೊಂಡಾನ. ನೀರ ಬಂದಾಗಿಂದ ಎಲ್ಲಿ ಹೋಗ್ಯಾಳ ಗೊತ್ತಿಲ್ಲ."

"ಫೋನ್ ಇಲ್ಲೇನ್ರಿ ಅವರ ಕಡೆ?"

"ಐತ್ರಿ, ಬಂದ್ ಮಾಡ್ಯಾಳ."

'ಬಂದ್ ಆಗೇತಿ' ಎನ್ನದೆ 'ಮಾಡ್ಯಾಳ' ಎಂದದ್ದು ಕೋಮಲಳ ಕಿವಿಗೆ ತಾಗಿತು. ಅಕ್ಕನ ಆಧಾರ್ ಝೆರಾಕ್ಸ್ ತೆಗೆಯಲು ಅವನು ಫೈಲು ಬಿಚ್ಚಿದಾಗ ಒಂದು ಬಾಂಡ್ ಪೇಪರ್ ಜಾರಿ ಮೇಜಿನ ಮೇಲೆ ಬಿತ್ತು. ಟೈಪಾಗಿತ್ತು. ಕೆಳಗೆ ಹೆಬ್ಬೆಟ್ಟು ಒತ್ತುವ ಜಾಗಕ್ಕೆ ಪೆನ್ಸಿಲ್ ಗುರುತೂ ಇತ್ತು. ಅವನು ಅದನ್ನು ಅವಸರದಿಂದ ಒಳಗೆ ತುರುಕಿದ. ಹೊಳೆಯಲ್ಲಿ ಕಳೆದವಳನ್ನು ಹುಡುಕುವವನಿಗೆ ಇದೇಕೆ?

ಪರದೆಯ ಮೇಲೆ ಮೂರು ಸಾಲು ಬಂದವು. ಮೊದಲ ದಿನ ಕಾಗವಾಡದಲ್ಲಿ ಚನ್ನವ್ವ ಜ್ಞಾನದೇವ. ಮರುದಿನ ರಾಯಬಾಗದಲ್ಲಿ ಚಾನಾಬಾಯಿ ಗ್ಯಾನದೇವ. ನಿನ್ನೆಯಿಂದ ಏಕಸಂಬಿಯ ಶಾಲೆಯಲ್ಲಿ ಶಾನಾಬಾಯಿ ದ್ನ್ಯಾನದೇವ. ಬರೆದುಕೊಂಡವರು ತಪ್ಪು ಕೇಳಿಸಿಕೊಂಡಿದ್ದರೆ ಹೆಸರಷ್ಟೇ ಕೆಡಬೇಕು. ಇಲ್ಲಿ ಮೂರೂ ಕಡೆ ಊರೂ ಬೇರೆ, ವಯಸ್ಸೂ ಬೇರೆ. ಮೂವರೂ ಒಬ್ಬಳೇ ಆಗಿದ್ದರೆ, ಬೇಕೆಂದೇ ಬದಲಿಸಿ ಹೇಳಿದ್ದಾಳೆ.

"ಸಿಕ್ಕಳೇನ್ರಿ?" ಶಿವಾಜಿ ಬಗ್ಗಿ ನೋಡಿದ.

ಕೋಮಲ ಪರದೆಯನ್ನು ತನ್ನತ್ತ ತಿರುಗಿಸಿಕೊಂಡಳು. "ಖಾತ್ರಿ ಇಲ್ರಿ. ನಾಳೆ ಬರ್ರಿ."

ಹೊರಗೆ ಹೋದವನು ಕಿಟಕಿಯ ಬಳಿ ಫೋನಿನಲ್ಲಿ ಹೇಳುತ್ತಿದ್ದ: "ಸಿಕ್ಕಾಳ ಅನಸ್ತೈತಿ. ಈ ಹುಡುಗಿ ಮುಚ್ಚಿಡಾಕತ್ತಾಳ."

ಅವನು ಕಣ್ಮರೆಯಾದ ಮೇಲೆ ಕೋಮಲ ಏಕಸಂಬಿಯ ಬಸ್ಸು ಹತ್ತಿದಳು. ಶಾಲೆಯ ಕಟ್ಟೆಯ ಮೇಲೆ, ಆಧಾರ್ ಚಿತ್ರದಲ್ಲಿದ್ದ ಹೆಂಗಸೇ ಮೆಂತೆಸೊಪ್ಪು ಸೋಸುತ್ತ ಕೂತಿದ್ದಳು.

"ಚನ್ನವ್ವರ ಅಂದ್ರ ನೀವ ಅಲ್ರಿ?"

ಹೆಂಗಸಿನ ಕೈ ನಿಂತಿತು. "ಅಲ್ಲ, ನಾ ಶಾನಾಬಾಯಿ. ನೀ ಯಾರವಾ? ಯಾರು ಕಳಿಸ್ಯಾರ ನಿನ್ನ?"

"ಯಾರೂ ಕಳಿಸಿಲ್ರಿ. ನಿಮ್ಮ ತಮ್ಮಾರು ನಮ್ಮ ಆಫೀಸಿಗೆ ಬಂದಿದ್ರು. ಕೈಯಾಗ ಬಾಂಡ್ ಪೇಪರ್ ಇತ್ತು. ಅದಕ್ಕ ಅವರಿಗೇನೂ ಹೇಳದ ನಾನ ಬಂದೆ."

ಹೆಂಗಸು ಅವಳ ಮುಖವನ್ನು ದಿಟ್ಟಿಸಿದಳು. ನಂಬಿದಳೋ ಇಲ್ಲವೋ, ದನಿ ಮಾತ್ರ ತಗ್ಗಿತು. "ಅಪ್ಪ ಸತ್ತ ವರ್ಷಾತು. ತ್ವಾಟದಾಗ ನನಗೂ ಪಾಲ ಐತಿ. ಒಲ್ಲೆ ಅಂತ ಬರದ ಕೊಡು ಅಂತ ಬೆನ್ನ ಹತ್ತ್ಯಾನ. ಕಾಗವಾಡಕ್ಕೂ ಬಂದಿದ್ದ, ರಾಯಬಾಗಕ್ಕೂ ಬಂದಿದ್ದ. ಹಿಂದಿನ ಬಾಗಲಲೆ ಹೊಂಟಬಂದೆ."

"ಪೂರಾ ಬ್ಯಾರೆ ಹೆಸರ ಹೇಳಬೇಕಿತ್ತಲ್ರಿ?"

"ಯಾರರ ಕರದ್ರ ಓ ಅನಬೇಕಲ್ಲವಾ, ತಟ್ಟನ. ಮತ್ತ ಗಂಡನ ಹೆಸರ ಬಿಡಾಕ ಮನಸ ಬರಲಿಲ್ಲ."

ಆ ಕಾಗದ ಜಾರಿ ಬೀಳದಿದ್ದರೆ ಕೋಮಲಳೇ ಅವನಿಗೆ ಶಾಲೆಯ ದಾರಿ ಹೇಳಿ ಕಳಿಸುತ್ತಿದ್ದಳು.

ಅಷ್ಟರಲ್ಲಿ ಗೇಟಿನ ಮುಂದೆ ಜೀಪು ನಿಂತಿತು. ಶಿವಾಜಿ ಇಳಿದ. ಬಸ್ಸಿನ ಹಿಂದೆಯೇ ಬಂದಿದ್ದ.

ಚನ್ನವ್ವ ಕೋಮಲಳತ್ತ ನೋಡಿದ ನೋಟ ಚುಚ್ಚುವಂತಿತ್ತು. "ಕರಕೊಂಡ ಬಂದಿ, ಹೌದಿಲ್ಲೊ?"

"ಇಲ್ರಿ ಅವ್ವಾರ, ಆಣಿ ಮಾಡ್ತೀನಿ."

ಚನ್ನವ್ವ ಈ ಸಲ ಓಡಿಹೋಗಲಿಲ್ಲ. ಸೊಪ್ಪನ್ನು ಬದಿಗಿಟ್ಟು, ರಿಜಿಸ್ಟರ್ ಹಿಡಿದು ಕೂತಿದ್ದ ಟೀಚರಮ್ಮನ ಮೇಜಿನ ಮುಂದೆ ಹೋಗಿ ನಿಂತಳು.

"ನನ್ನ ಹೆಸರ ತಪ್ಪ ಬರಿಸೇನ್ರಿ. ಸರಿ ಮಾಡ್ರಿ. ಚನ್ನವ್ವ, ಗಂಡ ಜ್ಞಾನದೇವ, ಊರ ಜುಗೂಳ." ಆಮೇಲೆ ಜನರೆಲ್ಲ ಕೇಳುವಂತೆ ತಮ್ಮನಿಗೆ ಹೇಳಿದಳು, "ಹೂಂ, ನಾನ. ಅಪ್ಪನ ತ್ವಾಟದ ಕಾಗದಕ್ಕ ಹೆಬ್ಬೆಟ್ಟ ಒತ್ತಂಗಿಲ್ಲ. ಎಲ್ಲಾರ ಮುಂದ ಹೇಳಾಕತ್ತೀನಿ."

"ಅಕ್ಕಾ, ಒಳಗ ಕುಂತ ಮಾತಾಡೂಣು ಬಾ."

"ಇಲ್ಲೇ ಮಾತಾಡು."

ಅನ್ನ ಬಡಿಸುತ್ತಿದ್ದವರೂ ಸೌಟು ಹಿಡಿದು ಬಂದು ನಿಂತಿದ್ದರು. ಶಿವಾಜಿ ಸುತ್ತ ನೋಡಿದ, ಫೈಲನ್ನು ಕಂಕುಳಲ್ಲಿ ಇರುಕಿಕೊಂಡು ಹೋದ.

ನೀರಿಳಿದ ಮೇಲೆ ಕೋಮಲ ಚನ್ನವ್ವನ ಜೊತೆ ಅಥಣಿಯ ತಹಶೀಲ್ದಾರ ಕಚೇರಿಗೆ ಹೋಗಿ, ತೋಟ ತಮ್ಮನೊಬ್ಬನ ಹೆಸರಿಗೆ ಆಗದಂತೆ ತಕರಾರು ಅರ್ಜಿ ಕೊಡಿಸಿದಳು. ಹಳೆಯ ದಾಖಲೆಯಲ್ಲಿ ಹೆಸರು ಚೆನ್ನಮ್ಮ ಎಂದಿದ್ದುದರಿಂದ ಎರಡು ಸಲ ವಾಪಸ್ ಕಳಿಸಿದರು. ಮೂರನೇ ಸಲ ಅರ್ಜಿ ತೆಗೆದುಕೊಂಡರು. ಪಹಣಿಯಲ್ಲಿ ತಮ್ಮನ ಜೊತೆ ಅಕ್ಕನ ಹೆಸರೂ ಸೇರಲು ಐದು ತಿಂಗಳು ಹಿಡಿಯಿತು.

ಕೋಮಲ ತನ್ನ ಪ್ರೋಗ್ರಾಂನಲ್ಲಿ ಒಂದನ್ನು ಬದಲಿಸಿದಳು: ಯಾರಾದರೂ ಸಿಕ್ಕರೆ ಹುಡುಕಿ ಬಂದವರಿಗೆ ಜಾಗ ಕಾಣುವುದಿಲ್ಲ, ಸಿಕ್ಕವರ ಒಪ್ಪಿಗೆಯನ್ನು ಮೊದಲು ಕೇಳಬೇಕು. ಇದರಿಂದ ಕೆಲಸ ತಡವಾಗುತ್ತದೆಂದು ಸಂಸ್ಥೆಯ ಮೇಲ್ವಿಚಾರಕ ಸುಹಾಸ ಗೊಣಗಿದ.

"ತಡ ಆದ್ರ ಆಗಲ್ರಿ ಸರ್," ಎಂದಳು ಕೋಮಲ.