ಮುಟ್ಟಿ ನೋಡುವವಳು

“ತೋಳು ಹಿಡಿದು ಎಳೀಬ್ಯಾಡ್ರಿ. ಭುಜಕ್ಕೊಂದು ಕೈ, ಸೊಂಟಕ್ಕೊಂದು ಕೈ,” ಎನ್ನುತ್ತಲೇ ಶಗುಫ್ತಾ ತನ್ನ ಖಾಲಾ ಅಖ್ತರಿಯ ದೇಹವನ್ನು ಎಡಮಗ್ಗುಲಿಗೆ ಹೊರಳಿಸಿದಳು. ಅಖ್ತರಿ ಅವಳ ತಾಯಿಯ ಅಕ್ಕ. ಖಾನಾಪುರದ ಆಸ್ಪತ್ರೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಖಾಸಬಾಗದ ಮನೆಯ ಹಿತ್ತಲಲ್ಲಿ, ಪರದೆಯ ಮರೆಯಲ್ಲಿ, ಹೆಂಗಸರು ಅವಳಿಗೆ ಕೊನೆಯ ಸ್ನಾನ ಮಾಡಿಸುತ್ತಿದ್ದರು.

“ತಿಂಗಳಗಟ್ಟಲೆ ಹಾಸಿಗಿ ಹಿಡಿದಾಕಿ. ಬೆನ್ನಾಗ ಒಂದ ಹುಣ್ಣಿಲ್ಲ ನೋಡ್ರಿ,” ಎಂದಳು ನೀರು ಹಾಕುತ್ತಿದ್ದ ಮುದುಕಿ.

ಶಗುಫ್ತಾಗೂ ಅದು ಗೊತ್ತಿತ್ತು. ಹಗಲೂ ರಾತ್ರಿ ಮಗ್ಗುಲು ಬದಲಿಸಿದವಳು ಅವಳೇ.

*

ವರ್ಷಗಳ ಹಿಂದೆ, ಶಗುಫ್ತಾ ಖಾಲಾನ ಆಸ್ಪತ್ರೆಗೇ ನರ್ಸ್ ಆಗಿ ಸೇರಿದ ಹೊಸತು. ಆಪರೇಷನ್ ಆದ ಮುದುಕನೊಬ್ಬ ಮಂಚದಿಂದ ಏಳಲು ಹೆಣಗುತ್ತ, ಹಿಡಿಯಹೋದವರನ್ನೆಲ್ಲ ಬೈಯುತ್ತಿದ್ದ.

“ಭಾಳ ಸಿಟ್ಟಿನ ಮನಿಷ್ಯಾ. ಕೈ ಕಟ್ಟೂಣೇನು?” ಎಂದಳು ಶಗುಫ್ತಾ.

ಅಖ್ತರಿ ಮುದುಕನ ಕಿಬ್ಬೊಟ್ಟೆಯ ಮೇಲೆ ಅಂಗೈ ಇಟ್ಟಳು. ಬಿಗಿದುಕೊಂಡು ಗಟ್ಟಿಯಾಗಿತ್ತು. “ಮೂತ್ರ ಕಟ್ಟೈತಿ. ಡಾಕ್ಟರಿಗೆ ಹೇಳಿ ನಳಿ ತಗೊಂಡ ಬಾ.”

ನಳಿ ಹಾಕಿದ ಸ್ವಲ್ಪ ಹೊತ್ತಿಗೆ ಮುದುಕ ನಿದ್ದೆ ಹೋದ.

“ಸಿಟ್ಟು ಅಂತ ಹೆಸರಿಡೂಕಿಂತ ಮೊದಲ ಮುಟ್ಟಿ ನೋಡವಾ,” ಎಂದಳು ಅಖ್ತರಿ.

*

ಕಫನ್ ಬಟ್ಟೆ ಹೊದಿಸಿ ಮುಗಿಸುವಷ್ಟರಲ್ಲಿ ಅಂಗಳದಲ್ಲಿ ದನಿ ಏರಿತು. ಅಖ್ತರಿಯ ಗಂಡ ಬುರಾನುದ್ದೀನ ಸಾಬರು, ಜನಾಜಾ ಹೊರಲು ಬಂದವರನ್ನು ಗದರುತ್ತಿದ್ದರು. “ಹೋಗ್ರಿ ಎಲ್ಲಾರೂ. ಯಾರ ಕರದಾರ ನಿಮ್ಮನ್ನ?”

“ದುಃಖದಾಗ ಹಂಗ ಆಗತೈತಿ. ಬಿಡ್ರಿ,” ಎಂದಳು ಬಾಜು ಮನೆಯ ಶಿವಲಿಂಗವ್ವ.

ಶಗುಫ್ತಾ ಹೋಗಿ ಅವರ ಕೈ ಹಿಡಿದಳು. ತಣ್ಣಗಿತ್ತು, ಬೆವರಿನಿಂದ ಒದ್ದೆಯಾಗಿತ್ತು. ಬೆರಳುಗಳು ನಡುಗುತ್ತಿದ್ದವು.

“ಖಾಲೂ, ಇನ್ಸುಲಿನ್ ತಗೊಂಡೀರೇನು?”

“ತಗೊಂಡೆ.”

“ನಾಷ್ಟಾ?”

“ದಿನಾ ಅಕಿಗೆ ತಿನಿಸಿ ತಿಂತಿದ್ದೆ,” ಎಂದರು.

“ಶಿವಲಿಂಗವ್ವಾ, ಇವರ ಶುಗರ್ ಇಳದೈತಿ. ನೀರಾಗ ಸಕ್ರಿ ಕಲಿಸಿ ಲಗೂನ ತರ್ರಿ. ಆಮ್ಯಾಲೆ ಒಂದು ರೊಟ್ಟಿ.”

“ಹೆಣ ಇನ್ನಾ ಮನ್ಯಾಗ ಐತಿ,” ಎಂದು ಯಾರೋ ಗೊಣಗಿದರು.

“ಇರಲಿ. ಇವರು ತಿಂದ ಮ್ಯಾಲೇ ಎತ್ತೂಣು,” ಎಂದಳು ಶಗುಫ್ತಾ. ದನಿ ಏರಿಸಲಿಲ್ಲ. ಶಿವಲಿಂಗವ್ವ ಸಕ್ಕರೆ ನೀರು ತಂದಳು.

ಲೋಟವನ್ನು ಅವರ ತುಟಿಗೆ ತಾನೇ ಹಿಡಿದಳು. ಬೆವರು ಆರುವವರೆಗೆ ಪಕ್ಕದಲ್ಲೇ ಕುಳಿತು, ರೊಟ್ಟಿ ಮುರಿದು ಕೊಟ್ಟಳು. ಸಾಬರು ನಿಧಾನವಾಗಿ ಅಗಿದರು. ಆಮೇಲೆ ಅವಳನ್ನು ಗುರುತಿಸಿದವರಂತೆ ನೋಡಿ, “ಬೇಟಾ, ಎಲ್ಲಾ ತಯಾರಾತೇನು?” ಎಂದರು.

“ಆಗೇತ್ರಿ.”

ಜನಾಜಾ ಎದ್ದಿತು. ಸಾಬರು ಮುಂದಿನ ಹಿಡಿಕೆಗೆ ಹೆಗಲು ಕೊಟ್ಟರು. ಬಿಳಿ ಗಡ್ಡದಲ್ಲಿ ರೊಟ್ಟಿಯ ಚೂರುಗಳಿದ್ದವು. ಒರೆಸಿಕೊಳ್ಳಿರೆಂದು ಶಿವಲಿಂಗವ್ವ ಸನ್ನೆ ಮಾಡಿದಳು. ಅವರು ನೋಡಲಿಲ್ಲ, ಹಾಗೆಯೇ, ಎಡವದೆ, ಗಲ್ಲಿಯ ತಿರುವು ದಾಟಿದರು.