ಸುಮ್ಮನಿದ್ದ ಮೂಲೆ

ಚಪ್ಪಲಿಗಳನ್ನು ಬೇಲಿಯ ಹೊರಗೆ ಬಿಟ್ಟು ಸುಮೇಧಾ ವೀಳ್ಯದೆಲೆಯ ತೋಟದೊಳಗೆ ಬಂದಳು. ಸವಣೂರಿನಲ್ಲಿ ಎಲೆಬಳ್ಳಿಯ ನಡುವೆ ಚಪ್ಪಲಿ ಮೆಟ್ಟಿಕೊಂಡು ಯಾರೂ ಓಡಾಡುವುದಿಲ್ಲ. ಕೆಳಗಿನ ಮೂಲೆಗೆ ಬರುತ್ತಲೇ ಅಂಗಾಲಿಗೆ ಬಿಸಿ ಮಣ್ಣು ತಾಕಿತು. ಮೂರು ಸಾಲು ಬಳ್ಳಿ ಹಳದಿಯಾಗಿ ಜೋತುಬಿದ್ದಿತ್ತು.

“ಹತ್ತು ದಿನ ಈ ಮೂಲಿಗೆ ನೀರ ಬಿಟ್ಟಿಲ್ಲರಿ ಬಾಯಾರ,” ಎಂದಳು ತೋಟದ ಒಡತಿ ದಾನವ್ವ. “ಮೊಬೈಲ ಒದರಲೇ ಇಲ್ಲ. ಒದರಲಿಲ್ಲಂದ್ರ ಮಣ್ಣು ಹಸಿ ಐತಿ ಅಂತ ನೀವ ಹೇಳಿದ್ರಿ.”

ಹೇಳಿದ್ದು ನಿಜ. ಮಣ್ಣಿನ ತೇವ ಅಳೆದು ಒಂದರಿಂದ ಒಂದಕ್ಕೆ ಸುದ್ದಿ ದಾಟಿಸುವ ಹದಿನಾರು ಸೆನ್ಸರ್ ಕಡ್ಡಿಗಳನ್ನು ಇಲ್ಲಿ ನೆಟ್ಟವಳು ಸುಮೇಧಾಳೇ. ಮೊದಲು ಗಂಟೆಗೊಮ್ಮೆ ಸುದ್ದಿ ಕಳಿಸಿ ಎರಡೇ ತಿಂಗಳಿಗೆ ಬ್ಯಾಟರಿ ಮುಗಿಯುತ್ತಿತ್ತು. ಮಣ್ಣು ಒಣಗಿದಾಗಷ್ಟೇ ಹೇಳಿ, ಉಳಿದಂತೆ ಸುಮ್ಮನಿರುವ ಹಾಗೆ ಬದಲಿಸಿದಳು. ಬ್ಯಾಟರಿ ವರ್ಷ ಬಾಳುತ್ತದೆಂದು ಆಕೆ ಕೆಲಸ ಮಾಡುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಹೊಗಳಿದ್ದರು. ಬರುವ ವಾರ ಹಾನಗಲ್ಲ, ದುಂಡಸಿಯ ತೋಟಗಳಲ್ಲೂ ಅಂಥವೇ ಕಡ್ಡಿಗಳನ್ನು ನೆಡುವುದಿತ್ತು.

ಮೂಲೆಯ ಸುದ್ದಿಯನ್ನು ಮುಂದೆ ದಾಟಿಸಬೇಕಿದ್ದ ಕಡ್ಡಿಯನ್ನು ಬಿಚ್ಚಿ ಮೀಟರ್ ಹಚ್ಚಿದಳು. ಜೀವವಿರಲಿಲ್ಲ. ಹಿಂದಿನ ನಾಲ್ಕು ಕಡ್ಡಿಗಳ ಸುದ್ದಿಗಾಗಿ ಸದಾ ಕಿವಿಗೊಟ್ಟು ಎಚ್ಚರವಿದ್ದು, ಬ್ಯಾಟರಿ ತೀರಿ ಅದು ಎಲ್ಲಕ್ಕಿಂತ ಮೊದಲು ಸತ್ತಿತ್ತು. ಆ ನಾಲ್ಕೂ ಒಣಗಿದೆ, ಒಣಗಿದೆ ಎಂದು ಕೂಗಿಕೊಂಡೇ ಇದ್ದವು, ಮುಂದಕ್ಕೆ ಒಯ್ಯುವವರಿಲ್ಲ. ಸುಮ್ಮನಿದ್ದದ್ದಕ್ಕೂ ಸತ್ತದ್ದಕ್ಕೂ ಮೊಬೈಲಿನಲ್ಲಿ ಒಂದೇ ಮೌನ. ಇದು ಆಕೆಗೆ ಹೊಳೆದೇ ಇರಲಿಲ್ಲ.

“ಬೇರಿಗೆ ರೋಗ ಬಿದ್ದೈತಿ ಅಂದಬಿಡ್ರಿ,” ದಾನವ್ವ ದನಿ ತಗ್ಗಿಸಿದಳು. “ನೀರ ಬಿಡದ ಮಕ್ಕೊಂಡಿದ್ದೆ ಅಂತ ಮನಿಯಾಗ ಎಲ್ಲಾರೂ ನನ್ನ ಆಡಿಕೊಳ್ಳಾಕತ್ತಾರ. ರೋಗಂದ್ರ ನಿಮಗೂ ಮಾತು ಬರಂಗಿಲ್ಲ.”

ಅಷ್ಟರಲ್ಲಿ ಆಕೆಯ ಗಂಡ ಫಕ್ಕೀರಪ್ಪ ಬಂದ. “ಏನ್ರಿ ಮೇಡಂ, ಕಡ್ಡಿ ಏನಂತಾವ? ನಮ್ಮಾಕಿಗೂ ಒಂದು ಕಟ್ಟಿ ಹೋಗ್ರಿ, ಮಕ್ಕೊಂಡಾಗ ಒದರಲಿ.”

ರೋಗವೆಂದರೆ ದಾನವ್ವನೂ ತಾನೂ ಪಾರು. ಆದರೆ ಮೂಲೆಯ ಬಳ್ಳಿಯನ್ನೆಲ್ಲ ಕಿತ್ತು ಸುಡುತ್ತಾರೆ, ಬುಡದಲ್ಲಿನ್ನೂ ಹಸಿರಿತ್ತು.

“ರೋಗ ಅಲ್ಲರಿ,” ಎಂದಳು ಸುಮೇಧಾ. “ದಾನವ್ವಾರದೇನೂ ತಪ್ಪಿಲ್ಲ. ಕಡ್ಡಿ ಸತ್ತಿತ್ತು. ಸತ್ತದ್ದು ತಿಳಿಯೋ ಹಂಗ ನಾ ಮಾಡಿದ್ದಿಲ್ಲ. ಇನ್ನ ಎಲ್ಲಾ ಕಡ್ಡಿನೂ ದಿನಕ್ಕೊಮ್ಮೆ ಇದ್ದೇನಿ ಅಂತ ಹೇಳಬೇಕು. ಬ್ಯಾಟರಿ ಆರು ತಿಂಗಳಿಗೇ ಮುಗದ್ರ ಮುಗೀಲಿ.”

ಫಕ್ಕೀರಪ್ಪ ಬಳ್ಳಿಯ ಗೆಣ್ಣನ್ನು ಉಗುರಿನಿಂದ ಕೆರೆದು ನೋಡಿದ. “ಬ್ಯಾಟರಿ ಪ್ಯಾಟ್ಯಾಗ ಸಿಗತೈತ್ರಿ. ಇದು ಮತ್ತ ಹಬ್ಬಾಕ ಇನ್ನೊಂದ ಮಳಿಗಾಲ ಬೇಕು.” ಹೆಂಡತಿಯತ್ತ ತಿರುಗಲೂ ಇಲ್ಲ, ನೀರು ಬಿಡಲು ಹೋದ.

ದಾನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. “ಇಲ್ಲೇನೋ ಹೇಳಿದ್ರಿ. ಮನಿಯಾಗ ನಮ್ಮತ್ತಿ ಅದಾಳ, ಮೈದುನ ಅದಾನ. ಅವ್ರ ಮುಂದೂ ಇದನ್ನ ಹೇಳ ಬರ್ರಿ.”

ಸತ್ತ ಕಡ್ಡಿಯನ್ನು ಕೈಯಲ್ಲಿ ಹಿಡಿದು ಸುಮೇಧಾ ಆಕೆಯ ಹಿಂದೆ ಮನೆಯತ್ತ ನಡೆದಳು.