ಬಿಸಿಯ ಮುಖ

ತಿರುಗಿಸಿದ ಕೂಡಲೇ ಕಂಪ್ಯೂಟರಿನ ತೆರೆಯ ಮೇಲೆ ಪೈಪುಗಳು ಮತ್ತೆ ಕಳಚಿಕೊಂಡವು. ಪ್ರೀತಂ ಹಿಂದಿನ ಹೆಜ್ಜೆಗೆ ಮರಳಿದ. ಪೈಪುಗಳು ಕೂಡಿಕೊಂಡವು, ಪ್ಯಾನೆಲ್ಲಿನ ಬಿಸಿಯ ಮುಖ ಮತ್ತೆ ಮೇಲಾಯಿತು. ಬೆಳಗಿನಿಂದ ಇದೇ ಆಗಿತ್ತು. ಪೈಪು ಸರಿಯಿದ್ದರೆ ಮುಖ ಸರಿಯಿಲ್ಲ. ಮುಖ ಸರಿಮಾಡಿದರೆ ಪೈಪು ನಿಲ್ಲುವುದಿಲ್ಲ.

"ತಾರಸಿ ಮೋಲ್ಡಿನ್ ಮೇಲೆ ಯಾವನ್ಲಾ ಮಲಗವ್ನೆ?" ಬೆನ್ನ ಹಿಂದೆ ನಿಂತಿದ್ದ ರಾಜೇಂದ್ರ ಕೇಳಿದ. "ಕಾಗೆನಾ?"

ಪ್ರೀತಂ ನಗಲಿಲ್ಲ. ರಾಜೇಂದ್ರ ಈ ಆಫೀಸಿನ ಮಾಲೀಕ. ಮಂಡ್ಯದ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನವರು. ಸಂಬಳ ಕೊಡುವವನು ಇನ್ನೂ 'ಲಾ' ಅನ್ನುತ್ತಿದ್ದ. ಸಂಬಳ ತೆಗೆದುಕೊಳ್ಳುವವನ ಬಾಯಿಂದ ಅದು ಯಾವಾಗಲೋ ಉದುರಿಹೋಗಿತ್ತು.

ಮದ್ದೂರಿನ ಹಳೇ ಹೆದ್ದಾರಿಯ ಪಕ್ಕ, ಪಂಪ್‌ಸೆಟ್ ಅಂಗಡಿಯ ಮಹಡಿಯಲ್ಲಿ, ಹಿಮ ಬೀಳುವ ದೇಶಗಳನ್ನು ಬೆಚ್ಚಗಿಡುವ ಕೆಲಸ ನಡೆಯುತ್ತಿತ್ತು. ಆ ದೇಶಗಳಲ್ಲಿ ಕೋಣೆಯ ಚಾವಣಿಗೆ ಲೋಹದ ಪ್ಯಾನೆಲ್ ಬಡಿದು, ಅದರೊಳಗೆ ಬಿಸಿನೀರು ಹರಿಸಿ, ಕೆಳಗಿರುವವರನ್ನು ಕಾಯಿಸುತ್ತಾರೆ. ಕಟ್ಟಡವನ್ನು ನೆಲದ ಮೇಲೆ ಕಟ್ಟುವ ಮುಂಚೆ ಕಂಪ್ಯೂಟರಿನಲ್ಲಿ ಕಟ್ಟುತ್ತಾರೆ. ಆ ಕಟ್ಟಡಕ್ಕೆ ಬೇಕಾದ ಪ್ಯಾನೆಲ್ಲನ್ನೂ ಕಂಪ್ಯೂಟರಿನಲ್ಲೇ ಮಾಡಿಕೊಡಬೇಕು. ಉದ್ದ, ಅಗಲ, ತೂಕ, ಪೈಪು ಕೂಡುವ ಜಾಗ, ಬಿಸಿ ಹೊರಡುವ ಮುಖ, ಎಲ್ಲವೂ ಅದರಲ್ಲಿ ಇರಬೇಕು. ಬಿಸಿಯೊಂದು ಇರುವುದಿಲ್ಲ.

ಪ್ರೀತಂ ಬಿಸಿಯ ಮುಖವನ್ನು ಮೇಲಕ್ಕೆ ಇಟ್ಟಿದ್ದ. ಯಾರೂ ನೋಡಲಿಲ್ಲ. ಆಸ್ಪತ್ರೆಯೊಂದರ ನಕ್ಷೆಯಲ್ಲಿ ಅದು ಒಂದೊಂದು ಮಂಚದ ಮೇಲೂ ಹೋಗಿ ಕೂತಿತ್ತು. ಆಮೇಲೆ ಆ ಕಡೆಯವರು ಲೆಕ್ಕ ಹಾಕಿದಾಗ ತಿಳಿಯಿತು: ಕಾಂಕ್ರೀಟು ಬೆಚ್ಚಗಿದೆ, ರೋಗಿಗಳು ನಡುಗುತ್ತಿದ್ದಾರೆ.

"ಹೆಂಗಾಯ್ತು ಇದು? ಅವ್ರಿಗೆ ಏನಂತ ಬರೀಲಿ?" ರಾಜೇಂದ್ರ ಕೇಳಿದ.

"ಗೊತ್ತಿಲ್ಲ."

ಗೊತ್ತಿತ್ತು. ಬಿಸಿ ಎನ್ನುವುದು ಕೆಳಗಿರುತ್ತದೆ, ಮೇಲಕ್ಕೆ ನೋಡುತ್ತದೆ. ಒಲೆ ಹಾಗೆ, ಹಂಡೆಯ ಅಡಿಯ ಬೆಂಕಿ ಹಾಗೆ, ಬಾಣಂತಿಯ ಮಂಚದ ಕೆಳಗಿನ ಕೆಂಡವೂ ಹಾಗೆಯೇ. ಅವನ ಕೈ ತಲೆಯನ್ನು ಕೇಳದೆ ಮುಖವನ್ನು ಮೇಲಕ್ಕೆ ಇಟ್ಟುಬಿಟ್ಟಿತ್ತು. ಹಿಮದ ದೇಶದವರಿಗೆ ಇದನ್ನು ಇಮೇಲಿನಲ್ಲಿ ತಿಳಿಸುವುದು ಹೇಗೆ?

"ಕೊಪ್ಪಕ್ಕೆ ಹೋಗಿ ಬರ್ತೀನಿ," ಎಂದ. ಅಲ್ಲೇ ಹತ್ತಿರದ ಕೊಪ್ಪ ಅವನ ಹೆಂಡತಿಯ ತವರು.

"ಈಗ್ಲಾ?"

"ನಾಳೆ ಮಗೂನ ತೊಟ್ಟಿಲಿಗೆ ಹಾಕ್ತಾರೆ."

"ಅದು ನಾಳೆ ತಾನೆ?"

ಪ್ರೀತಂ ಸ್ಕೂಟರಿನ ಕೀ ಎತ್ತಿಕೊಂಡ. ರಾಜೇಂದ್ರ ಗೋಡೆಯ ಎ.ಸಿ.ಯನ್ನು ಇನ್ನಷ್ಟು ತಣ್ಣಗೆ ಮಾಡಿದ. ಕಂಪ್ಯೂಟರುಗಳು ಬಿಸಿಯಾಗಬಾರದು ಎಂಬುದು ಅವನ ಚಿಂತೆ.

"ಹೋಗು, ಮಗಳ ಮುಖ ನೋಡ್ಕಂಡ್ ಬಾ. ಸಾಯಂಕಾಲದೊಳಗೆ ಇದರ ಮುಖ ಕೆಳಕ್ಕೆ ತಿರುಗಿರ್ಬೇಕು. ಇಲ್ದಿದ್ರೆ ಈ ಕೆಲಸ ನಿಂದಲ್ಲ ಕಣ್ಲಾ. ನೇರವಾಗಿ ಹೇಳ್ಬುಟ್ಟೆ."

ಮಗಳನ್ನು ಅವನು ಇನ್ನೂ ಎತ್ತಿಕೊಂಡಿರಲಿಲ್ಲ.

ಆಸ್ಪತ್ರೆಯಲ್ಲಿ ನರ್ಸು ಬಟ್ಟೆಯ ಗಂಟೊಂದನ್ನು ಮುಂದೆ ಚಾಚಿದಾಗ ಫೋನು ಹೊಡೆದುಕೊಂಡಿತ್ತು. ಎರಡೂ ಕೈ ಖಾಲಿಯಿದ್ದವು. ಅವನು ಫೋನು ತೆಗೆದ. ಆಮೇಲೆ ಕಾರಣಗಳು ಸಾಲಾಗಿ ಬಂದವು. ರಸ್ತೆಯ ಧೂಳಿನಲ್ಲಿ ಬಂದಿದ್ದೇನೆ. ಮಗು ಮಲಗಿದೆ. ನೆಗಡಿಯಿದೆ. ಯಾರೂ ಅವನನ್ನು ಬೈಯಲಿಲ್ಲ. ಗಂಡಸರೆಂದರೆ ಹಾಗೇ ಎಂದುಕೊಂಡರು. ಬೈದಿದ್ದರೆ ಚೆನ್ನಾಗಿತ್ತು.

ನಾಳೆ ನೆಂಟರೆಲ್ಲ ಸುತ್ತ ನಿಂತು ಮಗುವನ್ನು ಅವನ ಕೈಗೆ ಹಾಕುತ್ತಾರೆ. ಹತ್ತಾರು ಫೋನುಗಳು ಅವನ ಮುಖದಲ್ಲಿ ಅಪ್ಪನನ್ನು ಹುಡುಕುತ್ತವೆ. ಅದಕ್ಕೆ ಮುಂಚೆ ಒಮ್ಮೆ, ಇವತ್ತೇ, ಎತ್ತಿಕೊಂಡು ನೋಡಬೇಕು. ಒಳಗೆ ಏನಾದರೂ ಆಗುತ್ತದೆಯೋ ಇಲ್ಲವೋ ತಿಳಿಯಬೇಕು. ಸದ್ಯಕ್ಕೆ ಅವಳ ತೂಕ ಗೊತ್ತಿತ್ತು, ಉದ್ದ ಗೊತ್ತಿತ್ತು, ರಕ್ತದ ಗುಂಪು ಗೊತ್ತಿತ್ತು.

ಕೊಪ್ಪದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ಸಿಕ್ಕಿತು. ಎರಡು ಟ್ರೇಲರು, ಹೊರಗೆ ಚಾಚಿದ ಸೋಗೆ. ಎಡಕ್ಕೆ ಹೋದರೆ ಅದು ಎಡಕ್ಕೆ ವಾಲಿತು, ಬಲಕ್ಕೆ ಹೋದರೆ ಬಲಕ್ಕೆ. ಹಾರ್ನು ಒತ್ತಿದ. ಟ್ರ್ಯಾಕ್ಟರಿನ ಹಾಡು ಅದಕ್ಕಿಂತ ಜೋರಾಗಿತ್ತು. ಸ್ಕೂಟರಿನ ಸೀಟು ಕಾದಿತ್ತು, ಹೆಲ್ಮೆಟ್ಟಿನೊಳಗೆ ಬೆವರು ಕಣ್ಣಿಗಿಳಿಯುತ್ತಿತ್ತು. ಆದರೂ ಬೆರಳುಗಳು ಇನ್ನೂ ಎ.ಸಿ.ಯೊಳಗೇ ಇವೆ ಅನ್ನಿಸಿತು. ಒಂದೊಂದಾಗಿ ಮಡಿಸಿ ನೋಡಿದ. ತಣ್ಣಗಿದ್ದವು, ಅಥವಾ ಅವನಿಗೆ ಹಾಗೆ ಕಂಡಿತು.

ಅತ್ತೆ ನಾಗಮಣಿ ಡೇರಿಗೆ ಹೋಗಿದ್ದರು. ಒಳಗಿನ ಕೋಣೆಯ ಕಿಟಕಿಗೆ ಹಳೆಯ ಸೀರೆ ತುರುಕಿತ್ತು. ಮಂಚದ ಕೆಳಗೆ ಕಬ್ಬಿಣದ ಬಾಂಡ್ಲಿ, ಅದರಲ್ಲಿ ಕೆಂಡ, ಕೆಂಡದ ಮೇಲೆ ಸಾಂಬ್ರಾಣಿ. ಮಳವಳ್ಳಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುವ ಹೆಂಡತಿ ಬಿಂದುಶ್ರೀ ಕಿವಿಗೆ ಬಟ್ಟೆ ಕಟ್ಟಿಕೊಂಡು ಮಂಚದ ಮೇಲೆ ಕೂತು ಹುರಿದ ಬೆಳ್ಳುಳ್ಳಿ ಅಗಿಯುತ್ತಿದ್ದಳು. ಪಕ್ಕದಲ್ಲಿ ಮಗು. ಬಾಗಿಲ ಬಳಿ ಅವಳ ಅಜ್ಜಿ ಚಿಕ್ಕಮಾದಮ್ಮ ಕೂತಿದ್ದಳು.

"ಊಟ ಆಯ್ತಾ?" ಬಿಂದುಶ್ರೀ ಕೇಳಿದಳು.

"ಆಯ್ತು." ಆಗಿರಲಿಲ್ಲ.

"ಕೆಲಸ?"

"ನಡೀತಿದೆ." ಅದೂ ಇಲ್ಲ. "ಸೆಕೆ ಆಗಲ್ವಾ ನಿಂಗೆ?"

"ಆಗುತ್ತೆ."

"ಮತ್ತೆ?"

"ಮತ್ತೇನು? ಅಜ್ಜಿ ಕೆಂಡ ಇಡುತ್ತೆ. ನಾನು ಮೇಲೆ ಕೂತಿರ್ತೀನಿ."

"ಏನದು ಗುಸುಗುಸು, ನನಗೂ ವಸಿ ಕೇಳ್ಲಿ," ಎಂದಳು ಅಜ್ಜಿ. "ನಿನ್ ಕೆಲ್ಸನೂ ಬೆಂಕಿದೇ ಅಂತಲ್ಲಪ್ಪ? ಬಿಂದು ಯೋಳ್ತಿತ್ತು."

"ಬೆಂಕಿ ಅಲ್ಲ ಅಜ್ಜಿ. ಮನೆ ಬೆಚ್ಚಗೆ ಮಾಡೋ ಸಾಮಾನು. ಕಂಪ್ಯೂಟರಲ್ಲಿ."

"ಮುಟ್ಟುದ್ರೆ ಸುಡ್ತದಾ?"

"ಇಲ್ಲ."

"ಹೊಗೆ?"

"ಇಲ್ಲ."

"ನಮ್ಮೂರ್ ನಾಟಕದಲ್ಲಿ ಸೀತಮ್ಮ ಕೆಂಪು ಕಾಗದದ ಬೆಂಕಿಗೆ ಬೀಳ್ತಿದ್ಲು ಕಣಪ್ಪ. ಅಂತದೇ ಬುಡು!" ಅಜ್ಜಿ ಬಾಯಿ ತುಂಬ ನಕ್ಕಳು. ಬಿಂದುಶ್ರೀಯೂ ನಕ್ಕಳು, ಆದರೆ ಅವನನ್ನು ನೋಡುತ್ತಲೇ ನಿಲ್ಲಿಸಿದಳು.

"ಇವತ್ತಾದ್ರೂ ಎತ್ಕೊಳ್ತೀರಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ವಿದ್ಯಾರ್ಥಿಗಳನ್ನು ಕೇಳುವುದೂ ಹೀಗೆಯೇ ಇರಬೇಕು, ಉತ್ತರ ಬರುವುದಿಲ್ಲವೆಂದು ತಿಳಿದು.

"ಅದಕ್ಕೇ ಬಂದೆ."

"ಹಂಗಾರೆ ಮೊದ್ಲು ಕೈ ಕಾಯಿಸ್ಕೊ," ಎಂದು ಅಜ್ಜಿ ಮಂಚದ ಕೆಳಗಿನ ಬಾಂಡ್ಲಿಯನ್ನು ಕಡ್ಡಿಯಿಂದ ಎಳೆದು ಅವನ ಮುಂದೆ ತಂದಳು. "ಬೀದಿಯಿಂದ ಬಂದ ಕೈ. ತಣ್ಣಗೆ ಮುಟ್ಟುದ್ರೆ ಮೊಗು ಬೆಚ್ತದೆ."

ಅವನು ಕುಕ್ಕರುಗಾಲಿನಲ್ಲಿ ಕೂತ. ಬೂದಿಯ ಕೆಳಗೆ ಕೆಂಡ ಮಿನುಗುತ್ತಿತ್ತು. ಕೈ ಚಾಚಿದ. ಮೊದಲ ಸಲ ಒಂದು ಕೆಲಸಕ್ಕೆ ಸರಿಯಾದ ಕ್ರಮ ಸಿಕ್ಕಿತು ಅನ್ನಿಸಿತು: ಕೂರಬೇಕು, ಕಾಯಿಸಬೇಕು, ಎತ್ತಿಕೊಳ್ಳಬೇಕು. ಇಷ್ಟೇ. ಜೇಬಿನಲ್ಲಿ ಫೋನು ಗುರುಗುಟ್ಟಿತು. ರಾಜೇಂದ್ರನೇ ಇರಬೇಕು. ಅವನು ತೆಗೆಯಲಿಲ್ಲ. ಇದೂ ಮೊದಲ ಸಲ.

ಮಗು ನಿದ್ದೆಯಲ್ಲಿ ಬಾಯಿ ಚಪ್ಪರಿಸಿತು. ಅವನು ಕಾದ. ಬೆನ್ನು ಬೆವೆತಿತು. ಕೂದಲು ಸೀದ ವಾಸನೆ ಬಂತು.

"ಅಯ್ಯೋ, ಅದ್ಯಾಕಪ್ಪ ಹಂಗಿಡ್ಕಂಡಿದ್ದೀಯ?" ಎಂದಳು ಅಜ್ಜಿ.

ಅವನು ಬಗ್ಗಿ ನೋಡಿದ. ಕೈಗಳ ಹಿಂಬದಿ ಕೆಂಡದ ಕಡೆಗಿತ್ತು. ಅಲ್ಲಿನ ಚರ್ಮ ಕೆಂಪಾಗಿ, ರೋಮಗಳು ಮುರುಟಿದ್ದವು. ಅಂಗೈಗಳು ಚಾವಣಿಯನ್ನು ನೋಡುತ್ತಿದ್ದವು, ಬೇಡುವವನ ಅಂಗೈಗಳ ಹಾಗೆ. ಮಗು ಮಲಗಬೇಕಾದ ಆ ಜಾಗವಷ್ಟೇ ತಣ್ಣಗೆ ಉಳಿದಿತ್ತು.

"ತಿರುಗ್ಸು. ಅಂಗೈ ಕೆಳಕ್ಕೆ ಮಾಡು."

ತಿರುಗಿಸಬೇಕು ಅಂದುಕೊಂಡ. ಬೆಳಗಿನಿಂದ ಅದನ್ನೇ ಅಂದುಕೊಳ್ಳುತ್ತಿದ್ದ. ಮಣಿಕಟ್ಟಿನ ಹತ್ತಿರ ಏನೋ ಬಿಗಿಯಾಗಿತ್ತು. ತಿರುಗಿಸಿದರೆ ಒಳಗೆ ಎಲ್ಲೋ ಕೂಡಿಕೊಂಡಿದ್ದದ್ದು ಕಳಚಿಹೋಗುತ್ತದೆ ಅನ್ನಿಸಿತು. ಏನು ಎಂದು ತಿಳಿಯಲಿಲ್ಲ.

"ತಿರುಗ್ಸಪ್ಪಾ, ಸುಟ್ಕಂಡೀಯೆ!"

ಬಿಂದುಶ್ರೀ ಮಂಚದಿಂದ ಇಳಿದಳು. ಕಾಲಿನಿಂದ ಬಾಂಡ್ಲಿಯನ್ನು ಪಕ್ಕಕ್ಕೆ ಸರಿಸಿದಳು. ಮಗುವನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಬಗ್ಗಿದಳು.

"ಸಾಕು ಬಿಡಿ, ಕಾಯಿಸಿದ್ದು. ಹೀಗೇ ಇರ್ಲಿ ಕೈ. ತಗೊಳ್ಳಿ."

ಅವನ ಅಂಗೈಗಳ ಮೇಲೆ, ಗೇಣಿನಷ್ಟೂ ದೂರವಿಲ್ಲದೆ, ಮಗು ಅವಳ ಕೈಯಲ್ಲಿ ತಡೆದು ನಿಂತಿತು. ಅದು ಕಣ್ಣು ತೆರೆದಿತ್ತು. ಬಟ್ಟೆಯೊಳಗಿನಿಂದ ಬಿಸಿ ಇಳಿಯತೊಡಗಿತು. ಮೇಲಿನಿಂದ ಕೆಳಕ್ಕೆ, ಮೆಲ್ಲಗೆ, ಗಾಳಿಯನ್ನು ಅಲುಗಿಸದೆ ಇಳಿದು ಅಂಗೈಯ ನಡುವನ್ನು ಮುಟ್ಟಿತು. ಒಳಗೆ ಕೂಡಿಕೊಂಡಿದ್ದದ್ದು ಕಳಚತೊಡಗಿದೆ ಅನ್ನಿಸಿ ಅವನು ಹೆದರಿದ.

"ಬೇಡ," ಎಂದ ಪ್ರೀತಂ.